ಖಾ ಮೌಂಗ್ ಸೇಕ್ ಹತ್ಯಾಕಾಂಡ: ಬದಲಾದ ಸಾಕ್ಷ್ಯವನ್ನು ಓದುವ ಬಗೆ

ಮ್ಯಾನ್ಮಾರ್‌ನ ರಖೈನ್ ರಾಜ್ಯದ ಉತ್ತರದಲ್ಲಿ ಮೌಂಗ್ಡೋ ಎಂಬ ತಾಲ್ಲೂಕಿದೆ. ಅದರ ಮೇಲ್ತುದಿಯಲ್ಲಿ, ಬಾಂಗ್ಲಾದೇಶದ ಗಡಿಗೆ ಹತ್ತಿರವಾಗಿ, ಖಾ ಮೌಂಗ್ ಸೇಕ್ ಹೆಸರಿನ ಹಳ್ಳಿಗಳ ಗುಂಪು. ರೋಹಿಂಗ್ಯಾ ಮುಸ್ಲಿಮರ ಬಾಯಲ್ಲಿ ಅದೇ ಫಕೀರಾ ಬಜಾರ್. 2017ರ ಆಗಸ್ಟ್ 25ರಂದು ಅಲ್ಲಿನ ಅಹ್ ನೌಕ್ ಖಾ ಮೌಂಗ್ ಸೇಕ್ ಎಂಬ ಹಳ್ಳಿಯಲ್ಲಿ 53 ಹಿಂದೂಗಳನ್ನು ಕೈಕಟ್ಟಿ ಕೊಲ್ಲಲಾಯಿತು. ಪಕ್ಕದ ಯೆ ಬೌಕ್ ಕ್ಯಾರ್ ಹಳ್ಳಿಯಲ್ಲಿದ್ದ 46 ಹಿಂದೂಗಳು ಅದೇ ದಿನ ಕಾಣೆಯಾದರು. ಬದುಕುಳಿದ ಎಂಟು ಹೆಂಗಸರಲ್ಲಿ ಕೆಲವರು ಮೊದಲು ಒಂದು ಕಥೆ ಹೇಳಿದರು, ಕೆಲವು ವಾರಗಳ ಬಳಿಕ ಇನ್ನೊಂದು ಹೇಳಿದರು. ಕೊಂದವರು ಯಾರು ಎಂಬ ಪ್ರಶ್ನೆಯಲ್ಲೇ ಈ ಎರಡು ಹೇಳಿಕೆಗಳು ಬೇರೆಯಾಗುತ್ತವೆ. ಈ ಘಟನೆಯ ಬಗ್ಗೆ ಬರೆದವರಲ್ಲಿ ಬಹಳ ಮಂದಿ ತಮಗೆ ಬೇಕಾದ ಹೇಳಿಕೆಯನ್ನು ಆರಿಸಿಕೊಂಡು ಮುಂದೆ ಹೋಗಿದ್ದಾರೆ. ಎರಡನ್ನೂ ಎದುರುಬದುರು ಇಟ್ಟು ಓದಿದರೆ ಎಷ್ಟು ನಿಲ್ಲುತ್ತದೆ, ಎಷ್ಟು ಜಾರುತ್ತದೆ ಎಂದು ನೋಡುವುದು ಈ ಟಿಪ್ಪಣಿಯ ಕೆಲಸ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡಬಹುದು. ರಖೈನ್‌ನಲ್ಲಿ ಬೌದ್ಧ ರಖೈನ್ ಜನ ಬಹುಸಂಖ್ಯಾತರು. ಉತ್ತರದ ಮೌಂಗ್ಡೋ ಭಾಗದಲ್ಲಿ ಮಾತ್ರ ರೋಹಿಂಗ್ಯಾ ಮುಸ್ಲಿಮರದ್ದೇ ಹೆಚ್ಚಿನ ಸಂಖ್ಯೆಯಾಗಿತ್ತು. ಇವರಿಬ್ಬರ ನಡುವೆ ಅಲ್ಲೊಂದು ಇಲ್ಲೊಂದು ಕೇರಿಯಲ್ಲಿ ಹಿಂದೂಗಳು. ಚಿತ್ತಗಾಂಗ್ ಕಡೆಯ ಬಂಗಾಳಿಗೆ ಹತ್ತಿರವಾದ ಅವರ ಮನೆಮಾತಿಗೂ ರೋಹಿಂಗ್ಯಾ ಮಾತಿಗೂ ಅಂತರ ಕಡಿಮೆ. ಮಾತಿನಲ್ಲಿ ಮುಸ್ಲಿಂ ನೆರೆಯವರಿಗೆ ಹತ್ತಿರ, ಸರ್ಕಾರದ ಕಣ್ಣಿನಲ್ಲಿ ಅವರಿಗಿಂತ ಕೊಂಚ ವಾಸಿ: ಇದು ಅವರ ಸ್ಥಿತಿ. 1982ರ ಪೌರತ್ವ ಕಾನೂನಿನ ನೆರಳಿನಲ್ಲಿ ಸರ್ಕಾರ ಮಾನ್ಯ ಮಾಡುವ 135 ಜನಾಂಗಗಳ ಪಟ್ಟಿಯಲ್ಲಿ ರೋಹಿಂಗ್ಯಾಗಳ ಹೆಸರಿಲ್ಲ. ಇವರ ಹೆಸರೂ ಇಲ್ಲ. 2014ರ ಜನಗಣತಿ ಇಡೀ ದೇಶದಲ್ಲಿ ಹಿಂದೂಗಳು ಶೇ. 0.5ರಷ್ಟು ಎಂದಿತು. ರೋಹಿಂಗ್ಯಾ ಎಂದೇ ಬರೆಸುತ್ತೇವೆ ಎಂದವರನ್ನು ಅದೇ ಗಣತಿ ಎಣಿಸಲೇ ಇಲ್ಲ. ಹಾಗೆ ಹೊರಗುಳಿದವರು ಹತ್ತು ಲಕ್ಷಕ್ಕೂ ಮೇಲೆ.

2012ರಲ್ಲಿ ರಖೈನ್ ಬೌದ್ಧರಿಗೂ ರೋಹಿಂಗ್ಯಾಗಳಿಗೂ ನಡೆದ ಗಲಭೆ ಸುಮಾರು 1,40,000 ಮಂದಿಯನ್ನು ನಿರಾಶ್ರಿತ ಶಿಬಿರಗಳಿಗೆ ತಳ್ಳಿತು. ಅದರ ಬೆನ್ನಿಗೆ ಹುಟ್ಟಿದ್ದು ಅತಾವುಲ್ಲಾ ಅಬು ಅಮ್ಮಾರ್ ಜುನೂನಿಯ ನೇತೃತ್ವದ ಹರಕಾ ಅಲ್-ಯಕೀನ್. ಮುಂದೆ ಅದು ಅರಾಕಾನ್ ರೋಹಿಂಗ್ಯಾ ಸಾಲ್ವೇಶನ್ ಆರ್ಮಿ, ಅಂದರೆ ಅರ್ಸಾ, ಎಂದು ಹೆಸರು ಬದಲಿಸಿಕೊಂಡಿತು. 2016ರ ಅಕ್ಟೋಬರ್ 9ರಂದು ಮೂರು ಗಡಿ ಪೊಲೀಸ್ ಠಾಣೆಗಳ ಮೇಲೆ ಬಿದ್ದು ಅದು ಒಂಬತ್ತು ಪೊಲೀಸರನ್ನು ಕೊಂದಿತು. ಸೇನೆ ಹಳ್ಳಿಗಳ ಮೇಲೆ ಸೇಡು ತೀರಿಸಿಕೊಂಡಿತು. 2017ರ ಆಗಸ್ಟ್ 24ರಂದು ಕೋಫಿ ಅನ್ನಾನ್ ಅಧ್ಯಕ್ಷತೆಯ ಆಯೋಗ ರಖೈನ್ ಕುರಿತ ತನ್ನ ಅಂತಿಮ ವರದಿಯನ್ನು ಒಪ್ಪಿಸಿತು. ಅದಾಗಿ ಕೆಲವೇ ಗಂಟೆಗಳಲ್ಲಿ, 25ರ ಬೆಳಗಿನ ಜಾವ, ಅರ್ಸಾ ಸುಮಾರು 30 ಪೊಲೀಸ್ ಠಾಣೆಗಳು ಮತ್ತು ಒಂದು ಸೇನಾ ನೆಲೆಯ ಮೇಲೆ ಒಮ್ಮೆಗೇ ದಾಳಿ ಮಾಡಿತು. ದಾಳಿಕೋರರಲ್ಲಿ ಹೆಚ್ಚಿನವರ ಕೈಯಲ್ಲಿದ್ದದ್ದು ಮಚ್ಚು, ಕತ್ತಿ, ದೊಣ್ಣೆ, ನಾಡಬಾಂಬು.

ಅದೇ ಬೆಳಿಗ್ಗೆ ಸುಮಾರು ಎಂಟು ಗಂಟೆಗೆ ಅಹ್ ನೌಕ್ ಖಾ ಮೌಂಗ್ ಸೇಕ್‌ನ ಹಿಂದೂ ಕೇರಿಯನ್ನು ಸುತ್ತುವರಿಯಲಾಯಿತು.

ಆ ದಿನ ಏನಾಯಿತೆಂಬುದರ ಅತ್ಯಂತ ವಿವರವಾದ ಪ್ರಕಟಿತ ದಾಖಲೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆ 2018ರ ಮೇ 22ರಂದು ಹೊರತಂದದ್ದು. ರಖೈನ್‌ನಲ್ಲಿಯೂ ಗಡಿಯಾಚೆ ಬಾಂಗ್ಲಾದೇಶದಲ್ಲಿಯೂ ಮಾಡಿದ ಹತ್ತಾರು ಸಂದರ್ಶನಗಳು ಮತ್ತು ವಿಧಿವಿಜ್ಞಾನದ ರೋಗಶಾಸ್ತ್ರಜ್ಞರು ಪರಿಶೀಲಿಸಿದ ಛಾಯಾಚಿತ್ರಗಳು ಅದರ ಆಧಾರ. ಅದರ ಪ್ರಕಾರ ಕಪ್ಪು ಬಟ್ಟೆ ತೊಟ್ಟವರೂ ಸಾದಾ ಉಡುಪಿನ ಸ್ಥಳೀಯ ರೋಹಿಂಗ್ಯಾ ಹಳ್ಳಿಗರೂ ಸೇರಿ ಕೇರಿಯ ಹಿಂದೂಗಳನ್ನು ಒಟ್ಟುಗೂಡಿಸಿದರು, ಇದ್ದದ್ದನ್ನು ದೋಚಿದರು, ಕೈಗಳನ್ನು ಹಿಂದಕ್ಕೆ ಕಟ್ಟಿ, ಕಣ್ಣಿಗೆ ಬಟ್ಟೆ ಬಿಗಿದು, ಊರ ಹೊರಗೆ ನಡೆಸಿಕೊಂಡು ಹೋದರು. ಅಲ್ಲಿ ಗಂಡಸರನ್ನು ಒಂದು ಕಡೆ, ಹೆಂಗಸರು ಮಕ್ಕಳನ್ನು ಇನ್ನೊಂದು ಕಡೆ ಮಾಡಿದರು. ಕೊಲೆ ಗಂಡಸರಿಂದ ಶುರುವಾಯಿತು. ಸತ್ತ 53 ಜನರಲ್ಲಿ ಗಂಡಸರು 20, ಹೆಂಗಸರು 10, ಮಕ್ಕಳು 23. ಆ ಮಕ್ಕಳಲ್ಲಿ 14 ಮಂದಿ ಎಂಟು ವರ್ಷಕ್ಕಿಂತ ಚಿಕ್ಕವರು. ಎಂಟು ಹೆಂಗಸರನ್ನೂ ಅವರ ಎಂಟು ಮಕ್ಕಳನ್ನೂ ಮತಾಂತರಕ್ಕೆ ಒಪ್ಪಿಸಿ ಉಳಿಸಿಕೊಂಡರು, ಕೆಲವು ದಿನಗಳ ಮೇಲೆ ತಮ್ಮೊಡನೆ ಬಾಂಗ್ಲಾದೇಶಕ್ಕೆ ಕರೆದೊಯ್ದರು. ಮರುದಿನ, ಅಂದರೆ 26ರಂದು, ಮೌಂಗ್ಡೋ ಪಟ್ಟಣದ ಹೊರವಲಯದ ಮ್ಯೋ ತು ಗ್ಯಿ ಬಳಿ ಇನ್ನೂ ಆರು ಹಿಂದೂಗಳ ಕೊಲೆಯಾಯಿತು: ಇಬ್ಬರು ಹೆಂಗಸರು, ಒಬ್ಬ ಗಂಡಸು, ಮೂವರು ಮಕ್ಕಳು. ಈ ಆರು ಸಾವುಗಳನ್ನು ಖಾ ಮೌಂಗ್ ಸೇಕ್‌ನ ಲೆಕ್ಕಕ್ಕೆ ಸೇರಿಸುವ ಪರಿಪಾಠ ಕೆಲವು ಬರಹಗಳಲ್ಲಿದೆ. ಜಾಗ, ದಿನ ಎರಡೂ ಬೇರೆ ಇರುವುದರಿಂದ ಅದನ್ನು ಪ್ರತ್ಯೇಕ ಘಟನೆಯಾಗಿಯೇ ಎಣಿಸಬೇಕು.

ಅಂಕಿಗಳ ವಿಚಾರ ಇಲ್ಲಿಗೇ ಮುಗಿಯುವುದಿಲ್ಲ. ಬಾಂಗ್ಲಾದೇಶದ ಪತ್ರಿಕೆಗಳಲ್ಲಿ ಮೊದಲು ಓಡಾಡಿದ್ದು 86. ಮ್ಯಾನ್ಮಾರ್ ಸರ್ಕಾರ ಸುಮಾರು ನೂರು ಹಿಂದೂಗಳು ಕಾಣೆಯಾಗಿದ್ದಾರೆ ಎಂದಿತು. ನೆಲದಿಂದ ಹೊರಬಂದ ಶವಗಳು 45: ಸೆಪ್ಟೆಂಬರ್ 24ರಂದು 28, ಮರುದಿನ 17. ಅವು ಸಿಕ್ಕಿದ್ದು ನಾಲ್ಕು ಗುಂಡಿಗಳಲ್ಲಿ, ಎಲ್ಲವೂ ಅಹ್ ನೌಕ್ ಖಾ ಮೌಂಗ್ ಸೇಕ್‌ನವರವು. ಉಳಿದ ಎಂಟು ಶವಗಳು ಸಿಗಲಿಲ್ಲ. ಆಮ್ನೆಸ್ಟಿ ಕೊಟ್ಟ 99 ಎಂಬ ಸಂಖ್ಯೆ 53ಕ್ಕೆ 46 ಕೂಡಿಸಿದ ಮೊತ್ತ. ಸಂಸ್ಥೆಯೇ ಅದನ್ನು '99ರವರೆಗೆ' ಎಂದು ಎಚ್ಚರಿಕೆಯಿಂದ ಬರೆದಿತ್ತು. ಪತ್ರಿಕೆಗಳಲ್ಲಿ ಆ 'ರವರೆಗೆ' ಬೇಗ ಬಿದ್ದುಹೋಯಿತು. ಯೆ ಬೌಕ್ ಕ್ಯಾರ್‌ನ 46 ಮಂದಿಯ ವಿಷಯದಲ್ಲಿ ಕಣ್ಣಾರೆ ಕಂಡ ಸಾಕ್ಷಿ ಇಲ್ಲ, ಶವವೂ ಇಲ್ಲ. ಅವರು ಬದುಕಿದ್ದಾರೆಂಬುದಕ್ಕೆ ಒಂದು ಸುಳಿವೂ ಇಷ್ಟು ವರ್ಷಗಳಲ್ಲಿ ಬಂದಿಲ್ಲವಾದ್ದರಿಂದ ಅವರನ್ನು ಕೊಲ್ಲಲಾಗಿದೆ ಎಂದು ಊಹಿಸುವುದು ನ್ಯಾಯವೇ. ಆದರೂ ಊಹೆಗೂ ಸಿದ್ಧವಾದ ಸಂಗತಿಗೂ ಒಂದೇ ಕ್ರಿಯಾಪದ ಬಳಸುವುದನ್ನು ನಾನು ಒಪ್ಪಲಾರೆ. 53 ಕೊಲೆ, 46 ನಾಪತ್ತೆ. ಹೀಗೆ ಬರೆಯುವುದರಿಂದ ಸತ್ತವರ ಬಗೆಗಿನ ಗೌರವ ತಗ್ಗುವುದಿಲ್ಲ, ಕಾಣೆಯಾದವರನ್ನು ಹುಡುಕುವ ಹೊಣೆ ಇನ್ನೂ ಯಾರ ಮೇಲೋ ಇದೆ ಎಂಬುದು ಉಳಿಯುತ್ತದೆ.

ಎರಡು ಹೇಳಿಕೆಗಳು

ಬದುಕುಳಿದ ಹೆಂಗಸರು ಹೊರಗಿನವರ ಕಣ್ಣಿಗೆ ಮೊದಲು ಬಿದ್ದದ್ದು ಕಾಕ್ಸ್ ಬಜಾರ್ ಜಿಲ್ಲೆಯ ಕುತುಪಲಾಂಗ್‌ನಲ್ಲಿ. ಆ ವೇಳೆಗೆ ಬೇರೆ ಬೇರೆ ಊರುಗಳಿಂದ ಸುಮಾರು 500 ಹಿಂದೂಗಳು ಗಡಿ ದಾಟಿ ಅಲ್ಲಿಗೆ ಬಂದಿದ್ದರು. ಸುತ್ತ ದಿನಕ್ಕೆ ಸಾವಿರಗಟ್ಟಲೆ ರೋಹಿಂಗ್ಯಾ ನಿರಾಶ್ರಿತರು ಬಂದಿಳಿಯುತ್ತಿದ್ದರು. ಈ ಹೆಂಗಸರಲ್ಲಿ ಕೆಲವರು ರಾಯಿಟರ್ಸ್ ವರದಿಗಾರರಿಗೆ, ತಮ್ಮವರನ್ನು ಕೊಂದದ್ದು ರಖೈನ್ ಬೌದ್ಧರ ಗುಂಪು ಎಂದರು. ಅವರಲ್ಲೇ ಮೂವರು ಬಳಿಕ ಆ ಮಾತನ್ನು ಬದಲಿಸಿದರು: ಕೊಂದವರು ಮುಸ್ಲಿಂ ಉಗ್ರರು, ಬೌದ್ಧರ ಮೇಲೆ ಹೊರಿಸಿ ಎಂದು ತಮ್ಮನ್ನು ಕರೆತಂದವರೇ ಹೇಳಿಕೊಟ್ಟಿದ್ದರು ಎಂದರು. ಅಕ್ಟೋಬರ್‌ನಲ್ಲಿ ಎರಡೂ ದೇಶಗಳ ಅಧಿಕಾರಿಗಳ ನೆರವಿನಿಂದ ಎಂಟೂ ಮಂದಿ ಮ್ಯಾನ್ಮಾರ್‌ಗೆ ಮರಳಿದರು. ಅಲ್ಲಿಂದಾಚೆಗೆ ಅವರ ಹೇಳಿಕೆ ಎರಡನೆಯದಾಗಿಯೇ ಉಳಿಯಿತು. ಅರ್ಸಾ ಮೊದಲಿನಿಂದಲೂ ಆರೋಪವನ್ನು ಅಲ್ಲಗಳೆದಿದೆ. ಹೆಂಗಸರು ಸೇನೆಯ ಹಿಡಿತದ ನಾಡಿಗೆ ಮರಳಿದ ಮೇಲೆ ಹೇಳಿದ್ದನ್ನು ನಂಬುವುದು ಹೇಗೆ ಎಂದು ಕೇಳಿದ ರೋಹಿಂಗ್ಯಾ ಕಾರ್ಯಕರ್ತರೂ ಇದ್ದಾರೆ.

ಪ್ರಶ್ನೆ ಅಸಮಂಜಸವಲ್ಲ. ಮೊದಲ ಹೇಳಿಕೆ ಹೊರಬಂದದ್ದು ಅಪಹರಿಸಿ ತಂದವರ ಕೈಯಳತೆಯಲ್ಲಿ. ಎರಡನೆಯದು ಗಟ್ಟಿಯಾದದ್ದು ಸರ್ಕಾರದ ರಕ್ಷಣೆಯಲ್ಲಿ. ಎರಡು ಕಡೆಯೂ ಕೇಳಿಸಿಕೊಳ್ಳುವವರಿಗೆ ಒಂದು ಉತ್ತರ ಬೇಕಾಗಿತ್ತು. ಎಲ್ಲಿ ಭಯ ಕಡಿಮೆಯಿತ್ತು ಎಂದು ತೂಗಿ ತೀರ್ಮಾನ ಕೊಡುವುದು ನನಗೆ ದಾರಿಯಾಗಿ ಕಾಣುವುದಿಲ್ಲ. ಶಾಸನ ಓದುವವರು ಪ್ರಶಸ್ತಿಯ ಭಾಗವನ್ನು ಹಾಗೆಯೇ ನಂಬುವುದಿಲ್ಲ, ಎಲ್ಲೆಕಟ್ಟು ಹೇಳುವ ಸಾಲುಗಳನ್ನು ಹೆಚ್ಚು ನೆಚ್ಚುತ್ತಾರೆ: ಅರಸ ಎಷ್ಟು ರಾಜರನ್ನು ಗೆದ್ದ ಎಂಬುದರಲ್ಲಿ ಬರೆಸಿದವನಿಗೆ ಹಿತವಿದೆ, ಗದ್ದೆಯ ಮೂಡಣಕ್ಕೆ ಹುಣಿಸೆಮರವಿತ್ತು ಎಂಬುದರಲ್ಲಿ ಯಾರ ಹೊಗಳಿಕೆಯೂ ಇಲ್ಲ. ಈ ಹೇಳಿಕೆಗಳಲ್ಲೂ ಅಂಥ ಎಲ್ಲೆಕಟ್ಟಿನ ಸಾಲುಗಳಿವೆ.

ಮೊದಲನೆಯದು, ಎರಡು ಹೇಳಿಕೆಗಳಲ್ಲಿಯೂ ಅಲುಗದೆ ನಿಂತದ್ದು: ದಿನ, ಕಪ್ಪು ಬಟ್ಟೆ, ಮುಚ್ಚಿದ ಮುಖ, ಎಲ್ಲರನ್ನೂ ಒಟ್ಟಿಗೆ ಹೊಡೆದುಕೊಂಡು ಹೋದದ್ದು, ತಾವಷ್ಟೇ ಉಳಿದದ್ದು. ಬದಲಾದದ್ದು ಮುಸುಕಿನ ಹಿಂದಿದ್ದವರ ಗುರುತೊಂದೇ. ಕಟ್ಟುಕಥೆ ಹೇಳಿಕೊಡುವವರು ಸಾಮಾನ್ಯವಾಗಿ ಹಾಗೆಯೇ ಮಾಡುತ್ತಾರೆ: ಕಂಡದ್ದನ್ನೆಲ್ಲ ಬಿಟ್ಟು ಹೆಸರೊಂದನ್ನು ಮಾತ್ರ ಬದಲಿಸಿಕೊಡುತ್ತಾರೆ.

ಎರಡನೆಯದು ಗಡಿ ದಾಟಿದ ಸಂಗತಿ. ಇದು ನನ್ನ ಎಣಿಕೆಯಲ್ಲಿ ನಿರ್ಣಾಯಕ. ಕೊಂದವರು ಬೌದ್ಧ ಗುಂಪಿನವರೋ ಸೈನಿಕರೋ ಆಗಿದ್ದರೆ, ಎಂಟು ಹಿಂದೂ ಹೆಂಗಸರನ್ನು ಇಸ್ಲಾಮಿಗೆ ಸೇರಲು ಒಪ್ಪಿಸಿ, ಮಕ್ಕಳ ಸಮೇತ ರೋಹಿಂಗ್ಯಾಗಳೊಡನೆ ಬಾಂಗ್ಲಾದೇಶಕ್ಕೆ ಸಾಗಿಸಬೇಕಾದ ಕಾರಣವೇ ಇಲ್ಲ. ಆ ದಿನಗಳಲ್ಲಿ ಬದುಕುಳಿದ ಹಿಂದೂಗಳಿಗೆ ಸಹಜವಾದ ಆಶ್ರಯ ದಕ್ಷಿಣಕ್ಕೆ, ಸೇನೆಯ ಕಾವಲಿದ್ದ ಮೌಂಗ್ಡೋ ಪಟ್ಟಣ ಮತ್ತು ರಾಜ್ಯದ ರಾಜಧಾನಿ ಸಿತ್ವೆ. ಗಡಿ ದಾಟಿದ ಸುಮಾರು 500 ಮಂದಿಯನ್ನು ಬಿಟ್ಟರೆ, ಬೇರೆ ಹಳ್ಳಿಗಳ ಹಿಂದೂಗಳು ನೂರುಗಟ್ಟಲೆ ಅಲ್ಲಿಗೇ ಓಡಿದರು. ಗಂಡಂದಿರ ಶವಗಳು ಬಿದ್ದ ಊರಿನಿಂದ ಈ ಹದಿನಾರು ಮಂದಿ ಎದುರು ದಿಕ್ಕಿಗೆ ಹೋದರು. ಅವರು ಕುತುಪಲಾಂಗ್‌ನಲ್ಲಿದ್ದರು ಎಂಬುದನ್ನು ಯಾವ ಪಕ್ಷವೂ ಅಲ್ಲಗಳೆಯುವಂತಿಲ್ಲ, ಏಕೆಂದರೆ ವರದಿಗಾರರು ಅವರನ್ನು ಅಲ್ಲಿಯೇ ಕಂಡರು.

ಮೂರನೆಯದು ಮಾತು. ಕಟ್ಟಿಹಾಕುತ್ತಿದ್ದವನನ್ನು ಇದೇಕೆ ಎಂದು ಕೇಳಿದಾಗ, ನೀವೂ ರಖೈನ್‌ಗಳೂ ಒಂದೇ, ನಿಮ್ಮ ಧರ್ಮ ಬೇರೆ, ಇಲ್ಲಿ ಇರುವಂತಿಲ್ಲ ಎಂಬ ಅರ್ಥದ ಉತ್ತರ ರೋಹಿಂಗ್ಯಾ ಆಡುಮಾತಿನಲ್ಲಿ ಬಂತೆಂದು ಒಬ್ಬಾಕೆ ಆಮ್ನೆಸ್ಟಿಗೆ ಹೇಳಿದ್ದಾಳೆ. ಮುಸುಕು ಮುಖವನ್ನು ಮರೆಮಾಡೀತು, ಮಾತಿನ ವರಸೆಯನ್ನು ಮರೆಮಾಡದು. ಹುಟ್ಟಿದಂದಿನಿಂದ ಪಕ್ಕದ ಕೇರಿಯಲ್ಲಿ ಕೇಳಿದ ಮಾತನ್ನು ಅವರು ರಖೈನ್ ಭಾಷೆಯೆಂದು ತಪ್ಪು ತಿಳಿಯುವುದು ಸಾಧ್ಯವಿಲ್ಲ; ಅವೆರಡೂ ಬೇರೆ ಕುಟುಂಬದ ಭಾಷೆಗಳು. ಈ ಮಾತಿನಲ್ಲೇ ಕೊಲೆಯ ಉದ್ದೇಶದ ಸುಳಿವೂ ಇದೆ. ಸರ್ಕಾರಕ್ಕೆ ಸುದ್ದಿ ಮುಟ್ಟಿಸುವವರೆಂದು ಶಂಕಿಸಿದವರನ್ನು ಅರ್ಸಾ ಕೊಲ್ಲುತ್ತಿತ್ತು, ಸ್ವತಃ ರೋಹಿಂಗ್ಯಾ ಮುಸ್ಲಿಮರನ್ನೂ ಕೊಂದಿತ್ತು ಎಂಬುದನ್ನು ವಿಶ್ವಸಂಸ್ಥೆಯ ಸತ್ಯಶೋಧನಾ ತಂಡ 2018ರಲ್ಲಿ ದಾಖಲಿಸಿದೆ. ಒಬ್ಬೊಬ್ಬರ ಮೇಲಿದ್ದ ಅಂಥ ಶಂಕೆ ಇಲ್ಲಿ ಇಡೀ ಕೇರಿಯ ಮೇಲೆ, ಹಾಲುಹಸುಳೆಗಳ ಮೇಲೂ, ಧರ್ಮದ ಹೆಸರಿನಲ್ಲಿ ತಿರುಗಿತು. ಸುದ್ದಿ ಮುಟ್ಟಿಸುವವರೆಂಬ ಶಂಕೆಯೊಂದೇ ಆಗಿದ್ದರೆ 23 ಮಕ್ಕಳ ಸಾವಿಗೆ ಅದು ಕಾರಣವಾಗದು.

ನಾಲ್ಕನೆಯದು ಗುಂಡಿಗಳು ಸಿಕ್ಕ ಬಗೆ. ಬಾಂಗ್ಲಾದೇಶದಲ್ಲಿದ್ದ ಹಿಂದೂ ನಿರಾಶ್ರಿತರೊಬ್ಬರು ಮ್ಯಾನ್ಮಾರ್‌ನ ಹಿಂದೂ ಮುಖಂಡರೊಬ್ಬರಿಗೆ ಫೋನ್ ಮಾಡಿ ತಿಳಿಸಿದ ಮೇಲೆ ಹುಡುಕಾಟ ನಡೆಯಿತು ಎಂದು ಸರ್ಕಾರ ಹೇಳಿದೆ. ಈ ಮಾತಿಗೆ ಸರ್ಕಾರವೊಂದೇ ಆಧಾರವಾದ್ದರಿಂದ ಇದಕ್ಕೆ ಉಳಿದ ಮೂರರಷ್ಟು ತೂಕ ಕೊಡುತ್ತಿಲ್ಲ. ಶವಗಳ ಚಿತ್ರಗಳನ್ನು ನೋಡಿದ ತಜ್ಞರ ಅಭಿಪ್ರಾಯ ಹೆಂಗಸರ ವಿವರಣೆಗೆ ಹೊಂದಿತು ಎಂಬುದಕ್ಕೆ ಹೆಚ್ಚು ಬೆಲೆಯಿದೆ. ಆದರೆ ಸ್ವತಂತ್ರ ವಿಧಿವಿಜ್ಞಾನ ತಂಡವೊಂದು ಆ ನೆಲದ ಮೇಲೆ ನಿಂತು ಪರೀಕ್ಷೆ ಮಾಡಲು ಮ್ಯಾನ್ಮಾರ್ ಬಿಡಲಿಲ್ಲ. ವಿಶ್ವಸಂಸ್ಥೆಯ ಸತ್ಯಶೋಧನಾ ತಂಡಕ್ಕೂ ದೇಶದೊಳಗೆ ಪ್ರವೇಶ ಕೊಡಲಿಲ್ಲ. ತನ್ನ ವಾದಕ್ಕೆ ಬಲ ತರಬಹುದಾಗಿದ್ದ ಸಾಕ್ಷ್ಯವನ್ನೂ ಮುಚ್ಚಿಟ್ಟ ಸರ್ಕಾರ ಅದು. ಈ ನೆಲವನ್ನು ಸ್ವತಂತ್ರ ತಂಡಕ್ಕೆ ತೋರಿಸಿದರೆ ಪಕ್ಕದ ನೆಲವನ್ನೂ ತೋರಿಸಬೇಕಾಗುತ್ತಿತ್ತು.

ಕೆಲವರು ಹೇಳಿಕೆಗಳ ನಡುವಿನ ಇನ್ನೊಂದು ವ್ಯತ್ಯಾಸವನ್ನು ಎತ್ತಿ ಹಿಡಿಯುತ್ತಾರೆ: ಒಬ್ಬಾಕೆ ತಂದೆ, ಅಣ್ಣ, ಚಿಕ್ಕಪ್ಪನನ್ನು ಕೊಲ್ಲುವುದನ್ನು ಪೊದೆಯ ಮರೆಯಿಂದ ಕಂಡೆ ಎನ್ನುತ್ತಾಳೆ, ಇನ್ನೊಬ್ಬಾಕೆಯ ಪ್ರಕಾರ ಕೊಂದವರು ರಕ್ತದ ಕೈಯಲ್ಲಿ ಮರಳಿ ಬಂದು ಹೇಳಿದ ಮೇಲೆ ತಿಳಿಯಿತು. ಇದನ್ನು ವಿರೋಧವೆಂದು ನಾನು ಎಣಿಸುವುದಿಲ್ಲ. ಹೆಂಗಸರನ್ನು ಗಂಡಸರಿಂದ ದೂರ ಕೂರಿಸಿದ್ದರು, ತಲೆ ಎತ್ತಬಾರದೆಂದು ಅಪ್ಪಣೆ ಮಾಡಿದ್ದರು. ಕೂತ ಜಾಗಕ್ಕೆ ತಕ್ಕಂತೆ ಕಂಡದ್ದು ಬೇರೆಯಾಯಿತು. ಎಂಟು ಮಂದಿಯೂ ಒಂದೇ ಮಾತನ್ನು ಒಂದೇ ಕ್ರಮದಲ್ಲಿ ಒಪ್ಪಿಸಿದ್ದರೆ ಆಗ ನನಗೆ ಅನುಮಾನ ಬರುತ್ತಿತ್ತು.

ಇಷ್ಟನ್ನು ಒಟ್ಟಿಗೆ ಇಟ್ಟಾಗ, ಅಹ್ ನೌಕ್ ಖಾ ಮೌಂಗ್ ಸೇಕ್‌ನ 53 ಕೊಲೆಗಳನ್ನು ಅರ್ಸಾ ಮತ್ತು ಅದರ ಜೊತೆ ಸೇರಿದ ಕೆಲವು ಸ್ಥಳೀಯರು ಮಾಡಿದರೆಂಬುದು ದೃಢವಾಗಿ ನಿಲ್ಲುತ್ತದೆ. ಎರಡನೆಯ ಹೇಳಿಕೆ ನಿಜವೆಂಬ ತೀರ್ಮಾನಕ್ಕೆ ನಾನು ಬಂದದ್ದು ಅದು ಸೇನೆಗೆ ಒಪ್ಪಿಗೆಯಾಯಿತೆಂದಲ್ಲ. ಸೇನೆಗೂ ಅರ್ಸಾಗೂ ಉಪಯೋಗಕ್ಕೆ ಬಾರದ ವಿವರಗಳು ಆ ಕಡೆಗೇ ಕೈತೋರುತ್ತವೆ.

ಶವಗಳನ್ನು ತೋರಿಸಿದವರು

ಗುಂಡಿಗಳನ್ನು ಅಗೆದು ಎರಡು ದಿನಕ್ಕೇ, ಸೆಪ್ಟೆಂಬರ್ 27ರಂದು, ಮ್ಯಾನ್ಮಾರ್ ಸರ್ಕಾರ ಪತ್ರಕರ್ತರನ್ನು ಅಲ್ಲಿಗೆ ಕರೆದೊಯ್ದಿತು. ಹುಲ್ಲಿನ ಮೇಲೆ ಸಾಲಾಗಿ ಇರಿಸಿದ ಶವಗಳ ಮುಂದೆ ಬಂಧುಗಳ ಗೋಳು. ಆ ಚಿತ್ರಗಳು ಲೋಕವೆಲ್ಲ ಹರಡಿದವು. ಅದೇ ತಾಲ್ಲೂಕಿನ ತುಲಾ ತೋಲಿಯಲ್ಲಿ ಆಗಸ್ಟ್ 30ರಂದು ಸೈನಿಕರು ರೋಹಿಂಗ್ಯಾಗಳನ್ನು ನದಿಯ ಮರಳಿನ ಮೇಲೆ ಕೊಂದ ಜಾಗಕ್ಕೆ ಯಾರನ್ನೂ ಹಾಗೆ ಕರೆದೊಯ್ಯಲಿಲ್ಲ. ಇನ್ನೂ ಸ್ಪಷ್ಟವಾದ ಉದಾಹರಣೆ ಇನ್ ದಿನ್ ಗ್ರಾಮದ್ದು. ಸೆಪ್ಟೆಂಬರ್ 2ರಂದು ಅಲ್ಲಿ ಹತ್ತು ರೋಹಿಂಗ್ಯಾ ಗಂಡಸರನ್ನು ಕೊಂದು ಒಂದೇ ಗುಂಡಿಗೆ ಹಾಕಲಾಯಿತು. ಅದನ್ನು ಪತ್ತೆಹಚ್ಚುತ್ತಿದ್ದ ರಾಯಿಟರ್ಸ್ ವರದಿಗಾರರಾದ ವಾ ಲೋನ್ ಮತ್ತು ಕ್ಯಾವ್ ಸೋ ಊ ಡಿಸೆಂಬರ್ 12ರಂದು ಬಂಧಿತರಾದರು, 2018ರ ಸೆಪ್ಟೆಂಬರ್‌ನಲ್ಲಿ ಏಳು ವರ್ಷಗಳ ಶಿಕ್ಷೆಗೆ ಗುರಿಯಾದರು, 2019ರ ಮೇ 7ರಂದು ಕ್ಷಮಾದಾನದ ಮೇಲೆ ಹೊರಬಂದರು. ಕೊಂದ ಏಳು ಸೈನಿಕರಿಗೆ ಹತ್ತು ವರ್ಷಗಳ ಶಿಕ್ಷೆಯಾಗಿತ್ತು. ಒಂದು ವರ್ಷವೂ ತುಂಬುವ ಮೊದಲೇ ಅವರು ಬಿಡುಗಡೆಯಾದರು. ಸುದ್ದಿ ಬರೆದವರು ಕೊಂದವರಿಗಿಂತ ಹೆಚ್ಚು ದಿನ ಸೆರೆಯಲ್ಲಿದ್ದರು.

ಆದ್ದರಿಂದ ಖಾ ಮೌಂಗ್ ಸೇಕ್‌ನ ಸುದ್ದಿ ಲೋಕಕ್ಕೆ ಬೇಗ ತಿಳಿದದ್ದರ ಹಿಂದೆ ಸೇನೆಯ ಸ್ವಾರ್ಥವಿತ್ತು ಎನ್ನುವುದರಲ್ಲಿ ತಪ್ಪಿಲ್ಲ. ಅಷ್ಟಕ್ಕೇ ಸುದ್ದಿ ಸುಳ್ಳೆಂದು ಹೊರಡುವವರು ಎಡವುತ್ತಾರೆ. ಆ ಸೇನೆಗೆ ಸುಳ್ಳು ಹೇಳುವ ಚಾಳಿಯಿತ್ತು ಎಂಬುದು ಮಾತ್ರ ಪಕ್ಕಾ. ಸೆಪ್ಟೆಂಬರ್ ಮೊದಲ ಭಾಗದಲ್ಲಿ ಮೌಂಗ್ಡೋಗೆ ಕರೆದೊಯ್ದ ಪತ್ರಕರ್ತರ ಕೈಗೆ, ಮುಸ್ಲಿಮರೇ ತಮ್ಮ ಮನೆಗಳಿಗೆ ಬೆಂಕಿಯಿಡುತ್ತಿರುವ ಚಿತ್ರಗಳೆಂದು ಕೆಲವನ್ನು ಕೊಟ್ಟರು. ಬಿಬಿಸಿಯ ಜೋನಾಥನ್ ಹೆಡ್ ಮತ್ತು ಇತರರು ಆ ಚಿತ್ರಗಳಲ್ಲಿದ್ದವರ ಗುರುತು ಹಿಡಿದರು: ಊರು ಬಿಟ್ಟು ಬಂದ ಹಿಂದೂಗಳಿದ್ದ ಶಾಲೆಯಲ್ಲಿ ಅವರು ಆಗಲೇ ಕಂಡಿದ್ದ ಮುಖಗಳು ಅವು. ಮುಸ್ಲಿಂ ಹೆಂಗಸಾಗಿ ಕಾಣಲೆಂದು ತಲೆಗೆ ಮೇಜಿನ ಹೊದಿಕೆಯಂಥ ಬಟ್ಟೆ ಸುತ್ತಿಕೊಂಡವಳೂ ಹಿಂದೂ ಹೆಂಗಸು. 2018ರ ಜುಲೈಯಲ್ಲಿ ಸೇನೆ ಹೊರತಂದ ಪುಸ್ತಕದಲ್ಲಿ, 1971ರ ಢಾಕಾದ ಶವಗಳ ಚಿತ್ರವೊಂದು 1940ರ ದಶಕದಲ್ಲಿ ಬಂಗಾಳಿಗಳು (ರೋಹಿಂಗ್ಯಾಗಳನ್ನು ಸೇನೆ ಕರೆಯುವ ಹೆಸರು) ಮಾಡಿದ ಕೊಲೆಯೆಂದು ಅಚ್ಚಾಗಿತ್ತು. 1996ರ ರುವಾಂಡಾ ನಿರಾಶ್ರಿತರ ಬಣ್ಣದ ಚಿತ್ರ ಕಪ್ಪುಬಿಳುಪಾಗಿ, ಬಂಗಾಳಿಗಳ ನುಸುಳುವಿಕೆಯಾಗಿತ್ತು. ಇದನ್ನು ಬಯಲಿಗೆಳೆದದ್ದೂ ರಾಯಿಟರ್ಸ್.

ಈ ಶಾಲೆಯ ಪ್ರಸಂಗ ನನ್ನನ್ನು ಹೆಚ್ಚು ಕಾಡುತ್ತದೆ. ಒಂದೇ ತಿಂಗಳಲ್ಲಿ, ಗಡಿಯ ಆಚೆ ಹಿಂದೂ ಹೆಂಗಸರ ಬಾಯಿಂದ ಬೌದ್ಧರ ವಿರುದ್ಧ ಹೇಳಿಸಲಾಯಿತು; ಈಚೆ ಹಿಂದೂ ಹೆಂಗಸರ ವೇಷದಿಂದ ಮುಸ್ಲಿಮರ ವಿರುದ್ಧ ಚಿತ್ರ ತೆಗೆಸಲಾಯಿತು. ಆ ಸಣ್ಣ ಸಮುದಾಯಕ್ಕೆ ಎರಡು ಕಡೆಯಿಂದಲೂ ಸಿಕ್ಕ ಪಾತ್ರ ಇದು. ಬದಲಾದ ಹೇಳಿಕೆಯನ್ನು ಅವರ ಚಂಚಲತೆಯೆಂದು ಬರೆದವರು ಈ ಎರಡನ್ನೂ ಒಟ್ಟಿಗೆ ನೋಡಿದಂತಿಲ್ಲ.

ಸೇನೆಯ ಕಾರ್ಯಾಚರಣೆಯ ಗಾತ್ರವನ್ನು ಇಲ್ಲಿ ಹೇಳದಿದ್ದರೆ ಟಿಪ್ಪಣಿ ಅಪ್ರಾಮಾಣಿಕವಾದೀತು. ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಗಡಿ ದಾಟಿದರು. ಮೊದಲ ಒಂದು ತಿಂಗಳಲ್ಲೇ ಕನಿಷ್ಠ 6,700 ಮಂದಿ ಹಿಂಸೆಯಿಂದ ಸತ್ತರೆಂದು, ಅವರಲ್ಲಿ ಐದು ವರ್ಷದೊಳಗಿನ ಮಕ್ಕಳು 730 ಎಂದು 'ಗಡಿಯಿಲ್ಲದ ವೈದ್ಯರು' ಸಂಸ್ಥೆ ಶಿಬಿರಗಳ ಸಮೀಕ್ಷೆಯಿಂದ ಅಂದಾಜು ಮಾಡಿತು. ಖಾ ಮೌಂಗ್ ಸೇಕ್ ವರದಿ ತಂದ ಅದೇ ಆಮ್ನೆಸ್ಟಿ, ಒಂದು ತಿಂಗಳ ಬಳಿಕ, ಈ ಅಪರಾಧಗಳ ಹೊಣೆಯನ್ನು ಮ್ಯಾನ್ಮಾರ್‌ನ 13 ಅಧಿಕಾರಿಗಳ ಮೇಲೆ ಹೆಸರು ಹಿಡಿದು ಹೊರಿಸಿತು. ಮೊದಲ ವರದಿಯನ್ನು ಮೆಚ್ಚಿ ಹಂಚಿದವರಲ್ಲಿ ಎಷ್ಟು ಮಂದಿ ಎರಡನೆಯದನ್ನು ಹಂಚಿದರೋ! ಮಾತು ತಿರುಗಿಸಿಯೂ ಕೇಳಬಹುದು.

ಭಾರತದಲ್ಲಿ ಈ ಘಟನೆ ಚರ್ಚೆಗೆ ಬಂದ ಹೊತ್ತನ್ನೂ ಗಮನಿಸಬೇಕು. ರೋಹಿಂಗ್ಯಾಗಳನ್ನು ಹೊರಹಾಕುವ ಕುರಿತ ಮೊಹಮ್ಮದ್ ಸಲೀಮುಲ್ಲಾ ಪ್ರಕರಣದಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿದ್ದು 2017ರ ಸೆಪ್ಟೆಂಬರ್ 18ರಂದು, ಗುಂಡಿಗಳು ಸಿಗುವುದಕ್ಕೆ ಆರು ದಿನ ಮೊದಲು. ಹಾಗಾಗಿ ಅವರನ್ನು ಹೊರಹಾಕಬೇಕೆಂಬ ನಿಲುವಿಗೆ ಖಾ ಮೌಂಗ್ ಸೇಕ್ ಕಾರಣವಾಯಿತೆಂದು ಬರೆಯುವುದು ಕಾಲಕ್ರಮಕ್ಕೇ ವಿರುದ್ಧ. ನಿಲುವು ಮೊದಲು ಬಂತು, ಶವಗಳು ಅದಕ್ಕೆ ಸಮರ್ಥನೆಯಾಗಿ ಬಳಿಕ ಸೇರಿಕೊಂಡವು. ಅರ್ಸಾದ ಕೊಲೆಗಡುಕರಿಗೆ ಬಲಿಯಾದವರು ಹಿಂದೂಗಳಷ್ಟೇ ಅಲ್ಲ ಎಂಬ ಸಂಗತಿಯೂ ಆ ಚರ್ಚೆಯಲ್ಲಿ ಬರಲಿಲ್ಲ. ರೋಹಿಂಗ್ಯಾ ನಾಯಕ ಮೊಹಿಬ್ ಉಲ್ಲಾ ಅವರನ್ನು 2021ರ ಸೆಪ್ಟೆಂಬರ್ 29ರಂದು ಕುತುಪಲಾಂಗ್ ಶಿಬಿರದಲ್ಲೇ ಗುಂಡಿಟ್ಟು ಕೊಂದಾಗ ಬಾಂಗ್ಲಾದೇಶದ ಪೊಲೀಸರ ಬೆರಳು ತೋರಿದ್ದು ಅರ್ಸಾದತ್ತ.

ಆಮೇಲೆ

ನಿರಾಶ್ರಿತರನ್ನು ಮರಳಿಸುವ ಒಪ್ಪಂದಕ್ಕೆ ಮ್ಯಾನ್ಮಾರ್, ಬಾಂಗ್ಲಾದೇಶ 2017ರ ನವೆಂಬರ್ 23ರಂದು ಸಹಿ ಹಾಕಿದವು. 2018ರ ಜನವರಿಯಲ್ಲಿ ಮ್ಯಾನ್ಮಾರ್, ತಾನು ಪರಿಶೀಲಿಸಿದ 508 ಹಿಂದೂಗಳನ್ನೂ 750 ಮುಸ್ಲಿಮರನ್ನೂ ಮೊದಲ ತಂಡದಲ್ಲಿ ಕಳಿಸಿಕೊಡುವಂತೆ ಕೇಳಿತು. ಏಳು ಲಕ್ಷದಲ್ಲಿ 750, ಐನೂರು ಚಿಲ್ಲರೆಯಲ್ಲಿ 508: ಲೆಕ್ಕವೇ ಮನಸ್ಸನ್ನು ಹೇಳುತ್ತದೆ. ಆ ಯೋಜನೆ ನಡೆಯಲಿಲ್ಲ.

2021ರ ಫೆಬ್ರುವರಿ 1ರ ಸೇನಾಕ್ರಾಂತಿಯ ನಂತರ ದೇಶವೇ ಯುದ್ಧಭೂಮಿಯಾಯಿತು. 2023ರ ನವೆಂಬರ್‌ನಲ್ಲಿ ಮತ್ತೆ ಕದನಕ್ಕಿಳಿದ ರಖೈನ್ ಬೌದ್ಧರ ಅರಾಕಾನ್ ಆರ್ಮಿ 2024ರ ಡಿಸೆಂಬರ್‌ನಲ್ಲಿ ಮೌಂಗ್ಡೋವನ್ನು ಪೂರ್ತಿ ಹಿಡಿಯಿತು. ಹಾಗಾಗಿ ಆ ನಾಲ್ಕು ಗುಂಡಿಗಳಿರುವ ನೆಲ, ಯೆ ಬೌಕ್ ಕ್ಯಾರ್‌ನ 46 ಮಂದಿಯ ಗುರುತು ಎಲ್ಲಾದರೂ ಇದ್ದರೆ ಆ ನೆಲವೂ, ಇಂದು ಮೂರನೆಯ ಪಕ್ಷವೊಂದರ ವಶದಲ್ಲಿದೆ. 2017ರ ಎರಡು ಹೇಳಿಕೆಗಳಲ್ಲಿ ಒಂದು ಬೊಟ್ಟುಮಾಡಿದ್ದು ಇದೇ ರಖೈನ್ ಬೌದ್ಧರ ಕಡೆಗೆ. ಅಂದರೆ ಈ ಹೊಸ ಒಡೆಯರಿಗೂ ಸತ್ಯ ಹೊರಬರುವುದರಲ್ಲಿ ಹಿತವಿದೆ. ಉತ್ಖನನಕ್ಕೆ ಸ್ವತಂತ್ರ ತಂಡವನ್ನು ಕರೆಸುವಂತೆ ಅವರನ್ನು ಒತ್ತಾಯಿಸುವುದು ಮೊದಲಿಗಿಂತ ಕಷ್ಟವಾಗಬೇಕಿಲ್ಲ.

ನ್ಯಾಯದ ದಾರಿಗಳಲ್ಲಿ ಗಾಂಬಿಯಾ 2019ರ ನವೆಂಬರ್ 11ರಂದು ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಹೂಡಿದ ದಾವೆ ಮ್ಯಾನ್ಮಾರ್ ದೇಶದ ವಿರುದ್ಧದ್ದು; ಸಶಸ್ತ್ರ ಗುಂಪಿನ ಅಪರಾಧಕ್ಕೆ ಅಲ್ಲಿ ಜಾಗವಿಲ್ಲ. ಮ್ಯಾನ್ಮಾರ್ ಕುರಿತು ಸಾಕ್ಷ್ಯ ಕಲೆಹಾಕಲೆಂದು ವಿಶ್ವಸಂಸ್ಥೆ 2018ರಲ್ಲಿ ಕಟ್ಟಿದ ಸ್ವತಂತ್ರ ತನಿಖಾ ವ್ಯವಸ್ಥೆಗೆ 2011ರಿಂದೀಚಿನ ಗಂಭೀರ ಅಪರಾಧಗಳೆಲ್ಲ ಸೇರುತ್ತವೆ, ಮಾಡಿದವರು ಯಾರೇ ಆಗಿರಲಿ. ಆದರೆ ಅದು ಕಡತ ಸಿದ್ಧಪಡಿಸಬಲ್ಲದು, ವಿಚಾರಣೆ ನಡೆಸಲಾರದು.

ಉಳಿದದ್ದು ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ. ಮ್ಯಾನ್ಮಾರ್ ಅದರ ಸದಸ್ಯನಲ್ಲ, ಬಾಂಗ್ಲಾದೇಶ ಸದಸ್ಯ. ಗಡೀಪಾರು ಎಂಬ ಅಪರಾಧ ಒಂದು ದೇಶದಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತದೆ ಎಂಬ ತರ್ಕದ ಮೇಲೆ 2019ರ ನವೆಂಬರ್ 14ರಂದು ಅದು ತನಿಖೆಗೆ ಒಪ್ಪಿಗೆ ಕೊಟ್ಟಿತು: ಅಪರಾಧದ ಒಂದು ಭಾಗವಾದರೂ ಬಾಂಗ್ಲಾದೇಶದ ನೆಲದಲ್ಲಿ ನಡೆದಿರಬೇಕು. 2017ರಲ್ಲಿ ಮ್ಯಾನ್ಮಾರ್ ಸೇನೆಯ ಮುಖ್ಯಸ್ಥನಾಗಿದ್ದ ಮಿನ್ ಆಂಗ್ ಹ್ಲಾಯಿಂಗ್ ವಿರುದ್ಧ 2024ರ ನವೆಂಬರ್ 27ರಂದು ಬಂಧನ ವಾರಂಟ್ ಕೋರಿದ್ದೂ ಇದೇ ತರ್ಕದ ಮೇಲೆ. ಈ ಅಳತೆಗೆ 53 ಕೊಲೆಗಳು ನೇರವಾಗಿ ಒಳಪಡುವುದಿಲ್ಲ, ಅವು ನಡೆದು ಮುಗಿದದ್ದು ಮ್ಯಾನ್ಮಾರ್‌ನಲ್ಲಿ. ಹದಿನಾರು ಮಂದಿಯನ್ನು ಜೀವಭಯದಲ್ಲಿ ಗಡಿ ದಾಟಿಸಿ, ಆಚೆಯ ನೆಲದಲ್ಲಿಯೂ ಹಿಡಿತದಲ್ಲಿ ಇರಿಸಿಕೊಂಡದ್ದು ಒಳಪಡುತ್ತದೆಂದು ವಾದಿಸಬಹುದು. ಅನುಮತಿಯ ಆದೇಶದಲ್ಲಿ ಆರೋಪಿಗಳು ಇಂಥ ಪಕ್ಷದವರೇ ಆಗಬೇಕೆಂಬ ಕಟ್ಟಿಲ್ಲ. ಆ ಅಪಹರಣಕ್ಕೆ ಮುನ್ನಡೆದದ್ದೇನು ಎಂದು ಸಾಬೀತುಪಡಿಸದೆ ಅದನ್ನು ಸಾಬೀತುಪಡಿಸಲಾಗದು, ಹಾಗಾಗಿ ಕೊಲೆಗಳೂ ಸಾಕ್ಷ್ಯವಾಗಿ ಕಟಕಟೆಗೆ ಬರುತ್ತವೆ. ಅರ್ಸಾ ನಾಯಕ ಅತಾವುಲ್ಲಾನನ್ನು 2025ರ ಮಾರ್ಚ್‌ನಲ್ಲಿ ಢಾಕಾ ಸಮೀಪದ ನಾರಾಯಣಗಂಜ್‌ನಲ್ಲಿ ಬಾಂಗ್ಲಾದೇಶ ಬಂಧಿಸಿತು. ಆಗ ಅವನ ಮೇಲೆ ಹೊರಿಸಿದ್ದು ಅಕ್ರಮ ಪ್ರವೇಶ ಮತ್ತು ಭಯೋತ್ಪಾದನೆಯ ಆರೋಪಗಳನ್ನು. ಖಾ ಮೌಂಗ್ ಸೇಕ್‌ನ ಪ್ರಸ್ತಾಪ ಅವುಗಳಲ್ಲಿ ಇರಲಿಲ್ಲ. ಅಭಿಯೋಜಕರು ಕೇಳಿಕೊಂಡರೆ ಸದಸ್ಯ ದೇಶವಾಗಿ ಬಾಂಗ್ಲಾದೇಶ ಸಹಕರಿಸಬೇಕಾಗುತ್ತದೆ, ಮತ್ತು ಆಗ ಅವರಿಗೆ ಬೇಕಾಗುವುದು ಎಂಟು ಹೆಂಗಸರ ಹೇಳಿಕೆಗಳಲ್ಲಿ ಯಾರೂ ಅಲ್ಲಗಳೆಯಲಾಗದ ಭಾಗವೇ: ಆಗಸ್ಟ್ 25ರ ಬೆಳಿಗ್ಗೆ ತಮ್ಮ ಮನೆಗಳಲ್ಲಿದ್ದವರು ಕೆಲವೇ ದಿನಗಳಲ್ಲಿ ಕುತುಪಲಾಂಗ್‌ಗೆ ಯಾರ ಜೊತೆ, ಯಾವ ದಾರಿಯಲ್ಲಿ ಬಂದರು ಎಂಬುದು.